ಕಲಾ ಗ್ಯಾಲರಿಯ ಹೊಸ್ತಿಲು ಮತ್ತು ಐಚ್ಛಿಕ ಕನ್ನಡದ ವಿದ್ಯಾರ್ಥಿ

ಐಚ್ಛಿಕ ಕನ್ನಡವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳಿಗೆ ಪದವಿಯ ಅವಧಿಯಲ್ಲಿ ಪಂಪನಿಂದ ಮೊದಲ್ಗೊಂಡು ಇಂದಿನ ಕಥೆಗಾರರವರೆಗೆ ಒಂದು ಸಾವಿರ ವರ್ಷದ ಸಾಹಿತ್ಯದ ಪರಿಚಯವಾಗುತ್ತದೆ. ಭರತನ ರಸಸೂತ್ರವನ್ನು ಅವರು ಓದುತ್ತಾರೆ. ಆನಂದವರ್ಧನನ ಧ್ವನಿತತ್ತ್ವವನ್ನು ಉದಾಹರಣೆ ಸಮೇತ ವಿವರಿಸಬಲ್ಲರು. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯಗಳ ಲಕ್ಷಣಗಳನ್ನು ಹತ್ತು ಅಂಕದ ಉತ್ತರವಾಗಿ ಬರೆಯಬಲ್ಲರು. ಆದರೆ ಅದೇ ವಿದ್ಯಾರ್ಥಿಗಳಲ್ಲಿ ಬಹುಮಂದಿ, ನೆರೆಯ ನಗರದಲ್ಲಿ ಪ್ರವೇಶಧನವಿಲ್ಲದೆ ಬಾಗಿಲು ತೆರೆದಿರುವ ಸಮಕಾಲೀನ ಕಲಾಪ್ರದರ್ಶನವೊಂದರೊಳಗೆ ಒಮ್ಮೆಯೂ ಕಾಲಿಡದೆ ಪದವಿ ಪಡೆದು ಹೊರಬೀಳುತ್ತಾರೆ. ಇದನ್ನು ಹವ್ಯಾಸದ ಕೊರತೆ ಎಂದು ಸುಮ್ಮನಾಗುವಂತಿಲ್ಲ; ಇದು ವ್ಯಾಸಂಗದ ಕೊರತೆ. ಕನ್ನಡವೆಂಬ ವಿಷಯಕ್ಕೂ ಕನ್ನಡವೆಂಬ ಭಾಷೆಗೂ ಇದರಿಂದ ಆಗುತ್ತಿರುವ ನಷ್ಟವನ್ನು ಲೆಕ್ಕ ಹಾಕಬೇಕಾದ ಕಾಲ ಬಂದಿದೆ.

ಮೊದಲಿಗೆ ಬಾಗಿಲುಗಳ ವಿಚಾರ. ಮುಂಬಯಿಯ ಜಹಾಂಗೀರ್ ಕಲಾ ಗ್ಯಾಲರಿ 1952ರಿಂದಲೂ ಸಾರ್ವಜನಿಕರಿಗೆ ತೆರೆದ ಬಾಗಿಲು. ಅದರ ಸ್ಥಾಪನೆಗೆ ಒತ್ತಾಯಿಸಿದವರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರೂ ಒಬ್ಬರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಆರಂಭವಾದದ್ದು. ಅದರ ಸಂಗ್ರಹಾಲಯಕ್ಕೆ ಟಿಕೆಟ್ ಉಂಟಾದರೂ ಪ್ರದರ್ಶನ ಗ್ಯಾಲರಿಗಳಲ್ಲಿ ಒಂದಲ್ಲ ಒಂದು ಪ್ರದರ್ಶನ ಉಚಿತವಾಗಿ ನಡೆಯುತ್ತಲೇ ಇರುತ್ತದೆ. ಪ್ರತಿ ವರ್ಷ ಜನವರಿಯಲ್ಲಿ ಅದೇ ಪರಿಷತ್ತು ನಡೆಸುವ ಚಿತ್ರಸಂತೆಯ ದಿನ ಇಡೀ ರಸ್ತೆಯೇ ಗ್ಯಾಲರಿಯಾಗುತ್ತದೆ. ಎರ್ನಾಕುಲಂನ ದರ್ಬಾರ್ ಹಾಲ್ ಕಲಾಕೇಂದ್ರವನ್ನು ಕೇರಳ ಲಲಿತಕಲಾ ಅಕಾಡೆಮಿ ನಡೆಸುತ್ತದೆ. ಚೆನ್ನೈ ಸಮೀಪದ ಚೋಳಮಂಡಲ ಕಲಾವಿದರ ಗ್ರಾಮ 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ ರೂಪುಗೊಂಡಿತು. ಮಾರಾಟಕ್ಕಾಗಿಯೇ ಇರುವ ಖಾಸಗಿ ಗ್ಯಾಲರಿಗಳೂ ನೋಡಲು ಬಂದವರಿಂದ ಹಣ ಕೇಳುವುದಿಲ್ಲ. ಕೊಳ್ಳಲೇಬೇಕೆಂಬ ಕಟ್ಟುಪಾಡು ಅಲ್ಲಿಲ್ಲ.

ಹೀಗೆ ಬಾಗಿಲು ತೆರೆದಿದ್ದರೂ ಒಳಹೋಗುವವರು ಕಡಿಮೆ. ಕಾರಣ ಟಿಕೆಟ್ ಅಲ್ಲ, ಹೊಸ್ತಿಲು. ಗಾಜಿನ ಬಾಗಿಲು, ಹೊಳೆಯುವ ನೆಲ, ಮೂಲೆಯಲ್ಲಿ ಕುಳಿತ ಕಾವಲುಗಾರ, ಯಾರೂ ಮಾತನಾಡದ ಮೌನ, ಗೋಡೆಗೆ ಅಂಟಿಸಿದ ಇಂಗ್ಲಿಷಿನ ವಿವರಣೆ: ಇವೆಲ್ಲ ಸೇರಿ ಹಳ್ಳಿಯಿಂದಲೋ ಸಣ್ಣ ಪಟ್ಟಣದಿಂದಲೋ ಬಂದ ವಿದ್ಯಾರ್ಥಿಗೆ ‘ಇದು ನಿನ್ನ ಜಾಗವಲ್ಲ’ ಎಂದು ಹೇಳದೆಯೇ ಹೇಳುತ್ತವೆ. ಮಾಲ್‌ನ ಗಾಜಿನ ಬಾಗಿಲನ್ನು ಅಳುಕಿಲ್ಲದೆ ದೂಡುವ ಕೈ ಗ್ಯಾಲರಿಯ ಮುಂದೆ ಹಿಂಜರಿಯುತ್ತದೆ. ಮಾಲ್‌ನಲ್ಲಿ ಏನು ಮಾಡಬೇಕೆಂಬುದು ಗೊತ್ತು. ಇಲ್ಲಿ ಏನು ಮಾಡಬೇಕೆಂಬುದು ಗೊತ್ತಿಲ್ಲ. ಈ ಅಳುಕನ್ನು ನೀಗಿಸುವ ಸಾಧನಗಳು ಬೇರೆಲ್ಲೂ ಇಲ್ಲ, ಐಚ್ಛಿಕ ಕನ್ನಡದ ಪಠ್ಯದಲ್ಲೇ ಇವೆ ಎಂಬುದು ಈ ಬರಹದ ವಾದ.

ಭಾರತೀಯ ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ಶಂಕುಕನ ಅನುಮಿತಿವಾದ ಬರುತ್ತದೆ. ಅದರ ಜೊತೆಗೆ ಚಿತ್ರತುರಗ ನ್ಯಾಯವೂ ಬರುತ್ತದೆ. ರಂಗದ ಮೇಲಿನ ನಟನನ್ನು ರಾಮನೆಂದು ಗ್ರಹಿಸುವ ಪ್ರೇಕ್ಷಕನ ಪ್ರತೀತಿ ಎಂಥದು? ಅದು ಯಥಾರ್ಥ ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಂಥದು ಎಂದು ಶಂಕುಕ ಹೇಳಿದ. ಕಾವ್ಯಾನುಭವವನ್ನು ವಿವರಿಸಲು ಹೊರಟ ಮೀಮಾಂಸಕನಿಗೆ ಆಸರೆಯಾಗಿ ಒದಗಿದ್ದು ಒಂದು ಚಿತ್ರ. ಆ ಕುದುರೆಯನ್ನು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಓಡಿಸಿದ್ದಾರೆ. ನಿಜವಾದ ಚಿತ್ರದ ಮುಂದೆ ನಿಂತು ಆ ಪ್ರತೀತಿಯನ್ನು ಪರೀಕ್ಷಿಸಿದವರು ಎಷ್ಟು ಮಂದಿ?

ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರ ಮಹಾರಾಜನಿಗೂ ಮಾರ್ಕಂಡೇಯ ಮುನಿಗೂ ನಡೆಯುವ ಸಂವಾದವೂ ಪ್ರಸಿದ್ಧವೇ. ಪ್ರತಿಮಾಶಾಸ್ತ್ರವನ್ನು ಕಲಿಸಬೇಕೆಂದು ರಾಜ ಕೇಳುತ್ತಾನೆ. ಚಿತ್ರಸೂತ್ರವನ್ನು ಅರಿಯದವನಿಗೆ ಪ್ರತಿಮಾಲಕ್ಷಣ ತಿಳಿಯದು, ನೃತ್ಯವನ್ನು ಅರಿಯದವನಿಗೆ ಚಿತ್ರಸೂತ್ರ ತಿಳಿಯದು, ವಾದ್ಯವನ್ನು ಅರಿಯದವನಿಗೆ ನೃತ್ಯ ತಿಳಿಯದು, ಗೀತವನ್ನು ಅರಿಯದವನಿಗೆ ವಾದ್ಯ ತಿಳಿಯದು ಎಂದು ಮುನಿ ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಗುತ್ತಾನೆ. ಕಲೆಗಳನ್ನು ಬೇರೆ ಬೇರೆ ವಿಭಾಗಗಳ ಕಟ್ಟಡಗಳಲ್ಲಿ ಕೂಡಿಹಾಕಿದ್ದು ಆಧುನಿಕ ಕಾಲೇಜು, ಪರಂಪರೆಯಲ್ಲ.

ಆಧುನಿಕ ಕನ್ನಡವೂ ಈ ನಂಟನ್ನು ಕಡಿದುಕೊಂಡಿರಲಿಲ್ಲ. ಶಿವರಾಮ ಕಾರಂತರು ಕಾದಂಬರಿಗಳನ್ನಷ್ಟೇ ಬರೆಯಲಿಲ್ಲ. ಭಾರತೀಯ ಚಿತ್ರಕಲೆಯ ಕುರಿತು, ಜಗತ್ತಿನ ಕಲೆಗಳ ಕುರಿತು ಕನ್ನಡದಲ್ಲೇ ಗ್ರಂಥಗಳನ್ನು ರಚಿಸಿದರು. ಅ.ನ. ಕೃಷ್ಣರಾಯರು ರಾಜಾ ರವಿವರ್ಮನ ಕುರಿತು ಬರೆದರು. ‘ಉದಯರಾಗ’ದಲ್ಲಿ ಚಿತ್ರಕಲಾವಿದನೊಬ್ಬನನ್ನು ನಾಯಕನನ್ನಾಗಿ ಮಾಡಿದರು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಪ್ರಕಟವಾದ 1954ರಲ್ಲೇ ದಿಲ್ಲಿಯಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿ ಸ್ಥಾಪನೆಯಾಯಿತು. ಇದು ಕಾಕತಾಳೀಯವೇ ಇರಬಹುದು. ಆದರೆ ಛಂದಸ್ಸಿನ ಚೌಕಟ್ಟನ್ನು ಮುರಿಯುವ ಒತ್ತಡ ಕವಿಗೆ ಬಂದ ದಶಕದಲ್ಲೇ ಆಕೃತಿಯ ಚೌಕಟ್ಟನ್ನು ಮುರಿಯುವ ಒತ್ತಡ ಚಿತ್ರಕಾರನಿಗೂ ಬಂದಿತ್ತೆಂಬುದು ಕಾಕತಾಳೀಯವಲ್ಲ. ನವ್ಯಕಾವ್ಯದ ಕ್ಲಿಷ್ಟತೆಯನ್ನು ತಾಳ್ಮೆಯಿಂದ ಬಿಡಿಸಲು ಕಲಿತ ವಿದ್ಯಾರ್ಥಿ ಅಮೂರ್ತ ಚಿತ್ರದ ಮುಂದೆ ನಿಂತು ‘ಅರ್ಥವಾಗಲಿಲ್ಲ’ ಎಂದು ಬೆನ್ನು ತಿರುಗಿಸಲು ಕಾರಣವೇ ಇಲ್ಲ.

ಈಗ ನಕಾಶೆಯಲ್ಲಿ ತುಸು ದಕ್ಷಿಣಕ್ಕೆ ಸರಿಯಬೇಕು. ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ, ಪಾಂಡ್ಯರ ತಾಮ್ರಶಾಸನಗಳಿಂದ ಇತಿಹಾಸಕಾರರಿಗೆ ಪರಿಚಿತವಾದ ಚಿನ್ನಮನೂರಿನ ಸಮೀಪ, ಮಾರ್ಕಯನ್‌ಕೋಟ್ಟೈ ಎಂಬ ಸಣ್ಣ ಪಟ್ಟಣವಿದೆ. ಅದು ಪೆರಿಯಾರ್ ಅಣೆಕಟ್ಟೆಯ ನೀರುಂಡು ದ್ರಾಕ್ಷಿ, ಬಾಳೆ, ಭತ್ತ ಬೆಳೆಯುವ ಕಂಬಂ ಕಣಿವೆಯ ಪ್ರದೇಶ. ಈ ಕಣಿವೆಯಲ್ಲಿ ಒಕ್ಕಲಿಗರು, ಕಪ್ಪಿಲಿಯರು ಮೊದಲಾದ ಸಮುದಾಯಗಳು ಶತಮಾನಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿವೆ. ಅವರ ಶಾಲೆ ತಮಿಳಿನದು, ಲಿಪಿ ತಮಿಳಿನದು, ಅಂಗಡಿ-ಕಚೇರಿಗಳ ವ್ಯವಹಾರವೂ ತಮಿಳಿನದು. ಅಡುಗೆಮನೆಯ, ಹೊಲದ, ಅಜ್ಜಿ ಮೊಮ್ಮಕ್ಕಳ ಮಾತು ಮಾತ್ರ ಕನ್ನಡ. ಓದುಬರಹವಿಲ್ಲದೆಯೂ ಮಾತಿನ ಮರ್ಮವನ್ನು ಅರಿತವರು ಕನ್ನಡನಾಡಿನ ಜನ ಎಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಮೆಚ್ಚಿಕೊಂಡಿತ್ತು. ಕನ್ನಡದ ಅಕ್ಷರವಿಲ್ಲದೆ ಕನ್ನಡವನ್ನು ಕಾದುಕೊಂಡ ಕಣಿವೆಯ ಜನರಿಗೆ ಆ ಮೆಚ್ಚುಗೆ ಇನ್ನೊಂದು ರೀತಿಯಲ್ಲಿ ಸಲ್ಲತಕ್ಕದ್ದು.

ಮಾರ್ಕಯನ್‌ಕೋಟ್ಟೈಯಿಂದ ನೋಡಿದರೆ ಬೆಂಗಳೂರಿಗಿಂತ ಕೊಚ್ಚಿ ಹತ್ತಿರ. ಕಂಬಂ ದಾಟಿ, ಕುಮಳಿಯ ಘಾಟಿ ಹತ್ತಿ, ಏಲಕ್ಕಿ ತೋಟಗಳ ನಡುವೆ ಪಶ್ಚಿಮಕ್ಕೆ ಇಳಿದರೆ ಕೇರಳದ ಕರಾವಳಿ. ಆ ಕರಾವಳಿಯ ಫೋರ್ಟ್ ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಭಾರತದ ಮೊದಲ ಬಿನಾಲೆ ಆರಂಭವಾಯಿತು. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಕಲಾವಿದರಿಬ್ಬರು ಕಟ್ಟಿದ ಕೊಚ್ಚಿ-ಮುಜಿರಿಸ್ ಬಿನಾಲೆ ಅದು. ಮುಖ್ಯ ತಾಣಗಳಿಗೆ ಟಿಕೆಟ್ ಉಂಟು. ಆದರೆ ಬಿನಾಲೆಯ ತಿಂಗಳುಗಳಲ್ಲಿ ಊರಿನ ಗೋಡೆಗಳ ಮೇಲೆ, ಹಳೆಯ ಮಳಿಗೆಗಳಲ್ಲಿ, ಕೆಫೆಗಳಲ್ಲಿ, ಸಣ್ಣ ಗ್ಯಾಲರಿಗಳಲ್ಲಿ ಕಾಸು ಕೊಡದೆ ನೋಡಬಹುದಾದದ್ದೇ ಒಂದು ದಿನಕ್ಕೆ ಮಿಗಿಲಾಗುತ್ತದೆ. ದೇಶದ ಕಲಾಶಾಲೆಗಳ ಮಕ್ಕಳು ತಮ್ಮ ಕೃತಿಗಳನ್ನು ಇರಿಸುವ ವಿದ್ಯಾರ್ಥಿ ಬಿನಾಲೆಯೂ 2014ರಿಂದ ಜೊತೆಗೂಡಿದೆ.

ಬಿನಾಲೆಯ ಮುಖ್ಯ ತಾಣ ಆಸ್ಪಿನ್‌ವಾಲ್ ಹೌಸ್. ಸಮುದ್ರಕ್ಕೆ ಮುಖಮಾಡಿ ನಿಂತ ಈ ಕಟ್ಟಡಗಳ ಸಮುಚ್ಚಯ, 1867ರಲ್ಲಿ ಆರಂಭವಾದ ಆಂಗ್ಲ ವ್ಯಾಪಾರಿ ಸಂಸ್ಥೆಯೊಂದರದು. ಕೊಬ್ಬರಿ ಎಣ್ಣೆ, ಕಾಳುಮೆಣಸು, ಶುಂಠಿ, ಅರಿಶಿನ, ಸಂಬಾರ ಪದಾರ್ಥಗಳು ಇಲ್ಲಿಂದ ಹಡಗು ಹತ್ತುತ್ತಿದ್ದವು. 2012ರ ಮೊದಲ ಬಿನಾಲೆಯಲ್ಲಿ ಇದೇ ಅಂಗಳಕ್ಕೆ ಬೆಂಗಳೂರಿನಿಂದ ಸುಮಾರು 170 ಒರಳುಕಲ್ಲುಗಳು ಬಂದಿಳಿದವು. ತಂದವರು ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಮತ್ತು ಅವರ ಸಹಕಲಾವಿದ ಕ್ರಿಸ್ಟೋಫ್ ಸ್ಟಾರ್ಜ್. ಕೃತಿಯ ಹೆಸರು ‘ಸ್ಟಾಪ್‌ಓವರ್’; ನಡುದಾರಿಯ ತಂಗು ಎಂದರೆ ಆದೀತು.

ಕೃತಿಯ ಹಿಂದಿನ ಸಂಗತಿ ಸರಳ. ಬೆಂಗಳೂರಿನ ಹಳೆಯ ಮನೆಗಳ ಅಡುಗೆಮನೆಯಲ್ಲಿ ನೆಲಕ್ಕೆ ಹೂತಿದ್ದ ಒರಳು ಮಿಕ್ಸಿ, ಗ್ರೈಂಡರ್ ಬಂದ ಮೇಲೆ ನಿರುಪಯುಕ್ತವಾಯಿತು. ಮನೆ ಕೆಡವಿ ಹೊಸದಾಗಿ ಕಟ್ಟುವಾಗ ಅದನ್ನು ಕಿತ್ತು ತೆಗೆದರು. ಆದರೆ ಒಡೆದು ಹಾಕಲು ಮನಸ್ಸು ಬರಲಿಲ್ಲ. ತಲೆಮಾರುಗಳಿಗೆ ಅನ್ನವಿತ್ತ ಕಲ್ಲನ್ನು ಒಡೆಯುವುದು ಅಶುಭ. ಹಾಗೆಂದು ಒಳಗೆ ಇಟ್ಟುಕೊಳ್ಳಲು ಜಾಗವಿಲ್ಲ. ಹೀಗಾಗಿ ಕಲ್ಲುಗಳು ರಸ್ತೆಯ ಅಂಚಿಗೆ, ಕಾಂಪೌಂಡಿನ ಹೊರಗೆ ಬಂದು ಕುಳಿತವು: ಮನೆಯವೂ ಅಲ್ಲ, ಕಸವೂ ಅಲ್ಲ. ಆ ಅನಾಥ ಕಲ್ಲುಗಳನ್ನು ಕಲಾವಿದರು ಒಟ್ಟುಗೂಡಿಸಿ, ಒಂದು ಕಾಲದಲ್ಲಿ ಮೆಣಸು ಅರಿಶಿನಗಳ ಮೂಟೆ ಕಂಡಿದ್ದ ಬಂದರಿನ ಗೋದಾಮಿಗೆ ತಂದರು. ಸಂಬಾರವನ್ನು ಅರೆದ ಕಲ್ಲು ಸಂಬಾರವನ್ನು ಮಾರಿದ ಮಳಿಗೆಗೆ ಬಂದಂತಾಯಿತು.

ಇಂಥ ಕೃತಿಯನ್ನು ಅರ್ಥಮಾಡಿಕೊಳ್ಳಲು ಯಾವ ಸಿದ್ಧತೆ ಬೇಕು? ಪಾಶ್ಚಾತ್ಯ ಕಲಾಸಿದ್ಧಾಂತಗಳ ಹೆಸರುಗಳು ತಿಳಿದಿದ್ದರೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಒರಳಿನ ಪರಿಚಯ; ಅದು ಕನ್ನಡ ವಿದ್ಯಾರ್ಥಿಯ ಬಳಿ ಇದೆ. ಒರಳು, ಒಳ್ಳು, ಒನಕೆ, ರುಬ್ಬುಗುಂಡು, ಅರೆಯುವ ಕಲ್ಲು, ಬೀಸುವ ಕಲ್ಲು ಎಂದು ಪ್ರದೇಶಕ್ಕೊಂದು, ಕೆಲಸಕ್ಕೊಂದು ಪದವಿದೆ. ಕುಟ್ಟುವುದು ಬೇರೆ, ಬೀಸುವುದು ಬೇರೆ, ರುಬ್ಬುವುದು ಬೇರೆ, ಅರೆಯುವುದು ಬೇರೆ, ತೇಯುವುದು ಬೇರೆ. ಇಂಗ್ಲಿಷಿನ ವಿವರಣಾಫಲಕ ಒಂದೇ ಕ್ರಿಯಾಪದದಿಂದ ಹೇಳಿ ಮುಗಿಸುವುದನ್ನು ಕನ್ನಡ ಐದು ಕ್ರಿಯಾಪದಗಳಿಂದ ಬಿಡಿಸಿ ಹೇಳುತ್ತದೆ. ಮದುವೆಮನೆಯಲ್ಲಿ ಒರಳು-ಒನಕೆಗಳಿಗೆ ನಡೆಯುವ ಪೂಜೆ, ಅರಿಶಿನ ಕುಟ್ಟುವ ಶಾಸ್ತ್ರ, ಅವುಗಳ ಜೊತೆಗಿನ ಹಾಡುಗಳು ಜಾನಪದ ಪತ್ರಿಕೆಯ ಟಿಪ್ಪಣಿಯಲ್ಲಿವೆ. ಪ್ರಾಚೀನ ಕನ್ನಡ ಗೇಯಪರಂಪರೆಯಲ್ಲಿ ‘ಒನಕೆವಾಡು’ ಎಂಬ ಪ್ರಭೇದವೇ ಉಂಟು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು ಮೊದಲ ಬಾರಿಗೆ ಕನ್ನಡ ವಿದ್ವಲ್ಲೋಕವನ್ನು ಬೆರಗುಗೊಳಿಸಿದವು.

ಗಡಿಯಾಚೆಗೂ ಇದೇ ಸಂಪತ್ತು. ಮರಾಠಿಯಲ್ಲಿ ಬೀಸುಕಲ್ಲಿಗೆ ‘ಜಾತಂ’ ಎನ್ನುತ್ತಾರೆ. ಅದರ ಮುಂದೆ ಹಾಡುವ ಓವಿಗಳನ್ನು 1980ರ ದಶಕದಿಂದ ಮೊದಲ್ಗೊಂಡು ಹೇಮಾ ರಾಯರ್‌ಕರ್ ಮತ್ತು ಗೀ ಪೊಯ್ತವ್ಯಾಂ ಅವರ ತಂಡ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸಂಗ್ರಹಿಸಿತು. ಹೀಗೆ ದಾಖಲಾದ ಹಾಡುಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಒರಳಿನಲ್ಲಿ ತಲೆಯಿಟ್ಟ ಮೇಲೆ ಒನಕೆಯ ಪೆಟ್ಟಿಗೆ ಹೆದರಿದರಾದೀತೆ ಎಂಬ ಗಾದೆ ಕನ್ನಡದಲ್ಲಿದೆ. ಅದೇ ಗಾದೆ ಮರಾಠಿಯಲ್ಲಿ ‘ಉಖಳ’, ‘ಮುಸಳ’ಗಳ ಹೆಸರಿನಲ್ಲಿಯೂ ತಮಿಳಿನಲ್ಲಿ ‘ಉರಲ್’, ‘ಉಲಕ್ಕೈ’ಗಳ ಹೆಸರಿನಲ್ಲಿಯೂ ಇದೆ. ಸಾಂಗ್ಲಿಯ ಮನೆಯಲ್ಲಿ ಹೇಳುವುದನ್ನೇ ತೇಣಿಯ ಮನೆಯಲ್ಲಿಯೂ ಹೇಳುತ್ತಾರೆ. ಇಷ್ಟನ್ನೆಲ್ಲ ಬೆನ್ನಿಗಿಟ್ಟುಕೊಂಡು ಬಂದವರು ಆ 170 ಕಲ್ಲುಗಳ ಮುಂದೆ ನಿಂತರೆ ಅವರಷ್ಟು ಸಿದ್ಧರಾದ ಸಹೃದಯರು ಬೇರೆ ಯಾರು?

ಇಲ್ಲೊಂದು ಗಂಭೀರ ಮಾತನ್ನು ಆಡಬೇಕಾಗಿದೆ. ಕಂಬಂ ಕಣಿವೆಯ ಕನ್ನಡ ಅಡುಗೆಮನೆಯಲ್ಲಿ ಉಳಿದಿದೆ, ಅಕ್ಷರಕ್ಕೆ ಬಂದಿಲ್ಲ. ಕಾಲೇಜಿನ ಕನ್ನಡ ಅಕ್ಷರದಲ್ಲಿ ಉಳಿದಿದೆ, ಅಡುಗೆಮನೆಯಿಂದ ದೂರ ಸರಿಯುತ್ತಿದೆ. ಒರಳಿನ ಹಾಡನ್ನು ಐದು ಅಂಕಕ್ಕೆ ಬರೆಯುವ ಹುಡುಗಿ ಒರಳನ್ನು ಕಂಡಿರುವುದು ಅಪರೂಪ. ಎರಡೂ ಅರ್ಧರ್ಧ. ಮನೆಯೊಳಗೆ ಮಾತ್ರ ಬದುಕುವ ಭಾಷೆ ಅಜ್ಜಿಯ ತಲೆಮಾರಿನೊಂದಿಗೆ ಮಂಕಾಗುವ ಅಪಾಯದಲ್ಲಿರುತ್ತದೆ. ಪರೀಕ್ಷೆಯೊಳಗೆ ಮಾತ್ರ ಬದುಕುವ ಭಾಷೆ ಫಲಿತಾಂಶದ ದಿನ ಸಾಯುತ್ತದೆ. ರಸ್ತೆಯಂಚಿನ ಒರಳುಕಲ್ಲಿನಂತೆ, ಒಡೆಯಲೂ ಮನಸ್ಸಿಲ್ಲದ, ಒಳಗಿಟ್ಟುಕೊಳ್ಳಲೂ ಜಾಗವಿಲ್ಲದ ವಸ್ತುವಾಗಿ ಕನ್ನಡ ಉಳಿಯಬಾರದೆಂದಾದರೆ, ಇಂದಿನ ಜಗತ್ತಿನ ಹೊಸ ಅನುಭವಗಳ ಕುರಿತು ಅದರಲ್ಲಿ ಮಾತನಾಡುವವರು ಬೇಕು. ಸಮಕಾಲೀನ ಕಲೆ ಅಂಥ ಅನುಭವಗಳಲ್ಲಿ ಒಂದು. ಅದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಬೆರಳೆಣಿಕೆಯಷ್ಟು. ಕನ್ನಡ ವಿಭಾಗಗಳಿಂದ ಅವರು ಬರದಿದ್ದರೆ ಎಲ್ಲಿಂದ ಬರಬೇಕು?

ಶೀಲಾ ಗೌಡರ ಕೃತಿ ಒಂಟಿ ಉದಾಹರಣೆಯಲ್ಲ. ಅವರ ‘ಬಿಹೋಲ್ಡ್’ ಎಂಬ 2009ರ ಕೃತಿಯಲ್ಲಿ ಸಾವಿರಾರು ಮೀಟರು ಉದ್ದದ ಕೂದಲ ಹಗ್ಗ ಕಾರುಗಳ ಉಕ್ಕಿನ ಬಂಪರುಗಳನ್ನು ಹೊತ್ತು ನಿಲ್ಲುತ್ತದೆ. ಮುಡಿ ಕೊಟ್ಟ ಹರಕೆಯ ಕೂದಲು, ದೃಷ್ಟಿಯಾಗದಿರಲೆಂದು ವಾಹನಕ್ಕೆ ಕಟ್ಟುವ ಕೂದಲ ಹುರಿ: ಎರಡರ ಅರ್ಥವೂ ಈ ನಾಡಿನವರಿಗೆ ಅಡಿಟಿಪ್ಪಣಿಯಿಲ್ಲದೆ ತಿಳಿಯುತ್ತದೆ. ಬೆಂಗಳೂರಿನ ಪುಷ್ಪಮಾಲಾ ಎನ್. ತಾವೇ ವೇಷ ಧರಿಸಿ ಛಾಯಾಚಿತ್ರಗಳಿಗೆ ನಿಲ್ಲುವ ಕಲಾವಿದೆ. ರವಿವರ್ಮನ ದೇವಿಯನ್ನೂ ಸಿನಿಮಾದ ನಾಯಕಿಯನ್ನೂ ಪೊಲೀಸ್ ದಾಖಲೆಯ ಹೆಣ್ಣನ್ನೂ ಅನುಕರಿಸುತ್ತ, ‘ದಕ್ಷಿಣ ಭಾರತದ ಹೆಣ್ಣು’ ಎಂಬ ಚಿತ್ರವನ್ನು ಯಾರು, ಯಾರಿಗಾಗಿ ಸೃಷ್ಟಿಸಿದರೆಂದು ಕೇಳುತ್ತಾರೆ. ಅವರು ಕಲ್ಪಿಸಿಕೊಂಡ ಸಂಸ್ಥೆಯೊಂದರ ಹೆಸರು ‘ಸೋಂಬೇರಿಕಟ್ಟೆ’. ಹಳ್ಳಿಯ ಅರಳಿಕಟ್ಟೆಯ ಹರಟೆಯನ್ನು ಕಲಾಸಂಸ್ಥೆಯ ಬಿಂಕದ ಎದುರು ನಿಲ್ಲಿಸುವ ಈ ಹೆಸರಿನ ವಕ್ರೋಕ್ತಿಯನ್ನು ಕುಂತಕನನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನ ಎನ್.ಎಸ್. ಹರ್ಷ 2014ರ ಬಿನಾಲೆಯಲ್ಲಿ ಬ್ರಹ್ಮಾಂಡವನ್ನೇ ಒಂದು ಉದ್ದನೆಯ ಸುತ್ತುಗೆರೆಯಾಗಿ ಚಿತ್ರಿಸಿ, ಅದಕ್ಕೆ ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾದ ‘ಭಜಗೋವಿಂದಂ’ ಸ್ತೋತ್ರದಿಂದ ಶೀರ್ಷಿಕೆ ಆಯ್ದರು.

2016ರ ಆವೃತ್ತಿಯನ್ನು ಸಂಯೋಜಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ. ಅವರು ಚಿತ್ರಕಾರರ ಜೊತೆಗೆ ಕವಿಗಳನ್ನೂ ಕರೆದರು. ಚಿಲಿ ದೇಶದ ಕವಿ ರೌಲ್ ಸುರೀತಾ ದೊಡ್ಡ ಗೋದಾಮೊಂದರಲ್ಲಿ ಸಮುದ್ರದ ನೀರನ್ನು ತುಂಬಿಸಿದರು. ಗೋಡೆಯ ಮೇಲಿನ ಕವಿತೆಯನ್ನು ಓದಬೇಕಾದವರು ಆ ನೀರಿನೊಳಗೆ ಕಾಲೆಳೆಯುತ್ತ ನಡೆಯಬೇಕಾಗಿತ್ತು. ಸಿರಿಯಾದಿಂದ ಪಲಾಯನ ಮಾಡುವಾಗ 2015ರಲ್ಲಿ ಕಡಲಲ್ಲಿ ಮುಳುಗಿ ತೀರಿಹೋದ ಬಾಲಕ ಗಾಲಿಪ್ ಕುರ್ದಿಗೆ ಆ ಕೃತಿ ಅರ್ಪಿತವಾಗಿತ್ತು. ತಮ್ಮ ಅಲನ್ ಕುರ್ದಿಯ ಛಾಯಾಚಿತ್ರವನ್ನು ಜಗತ್ತೇ ಕಂಡಿತ್ತು. ಅಣ್ಣನ ಚಿತ್ರವನ್ನು ಯಾರೂ ಕಂಡಿರಲಿಲ್ಲ. ಸ್ಲೊವೇನಿಯಾದ ಕವಿ ಅಲೇಶ್ ಶ್ಟೆಗರ್ ಸಗಣಿ-ಮಣ್ಣು ಮೆತ್ತಿದ ಪಿರಮಿಡ್ಡನ್ನು ನಿಲ್ಲಿಸಿದರು. ಅದರ ಕತ್ತಲ ಓಣಿಯಲ್ಲಿ ಗಡಿಪಾರಾದ ಕವಿಗಳ, ಓವಿಡ್, ಬ್ರೆಕ್ಟ್, ದರ್ವೀಶ್ ಮೊದಲಾದವರ ಕಾವ್ಯ ಕೇಳಿಬರುತ್ತಿತ್ತು. ಕಾವ್ಯವೆಂದರೆ ಪುಸ್ತಕದ ಪುಟವಷ್ಟೇ ಎಂದು ನಂಬಿದವರಿಗೆ ಇದು ಹೊಸ ಪಾಠ; ಗಮಕ, ಯಕ್ಷಗಾನ, ವಚನಗಾಯನಗಳ ನಾಡಿನಿಂದ ಹೋದವರಿಗೆ ಮರೆತ ಪಾಠ.

ಆಕ್ಷೇಪಗಳಿಲ್ಲವೆಂದಲ್ಲ. ಸಮಕಾಲೀನ ಕಲೆ ದುರ್ಬೋಧ, ಶ್ರೀಮಂತರ ಮಾರುಕಟ್ಟೆಯ ಸರಕು, ಯಾರು ಬೇಕಾದರೂ ಮಾಡಬಹುದಾದ ಚಮತ್ಕಾರ ಎಂಬ ಮಾತುಗಳಲ್ಲಿ ಸತ್ಯಾಂಶವಿದೆ. ಪೊಳ್ಳು ಕೃತಿಗಳು ಅಲ್ಲಿ ಖಂಡಿತ ಇರುತ್ತವೆ. ಅವುಗಳ ಪಕ್ಕದ ಇಂಗ್ಲಿಷ್ ವಿವರಣೆ ಕೃತಿಗಿಂತಲೂ ಪೊಳ್ಳಾಗಿರುವುದುಂಟು. ಆದರೆ ಪೊಳ್ಳು ಕವಿತೆಗಳಿವೆಯೆಂದು ಕವಿತೆ ಓದುವುದನ್ನು ಯಾವ ಕನ್ನಡ ವಿದ್ಯಾರ್ಥಿಯೂ ಬಿಟ್ಟಿಲ್ಲ. ಕಾಳಿನಿಂದ ಜೊಳ್ಳನ್ನು ಬೇರ್ಪಡಿಸುವುದೇ ವಿಮರ್ಶೆಯ ಕೆಲಸ. ನೋಡದೆ ತೂರಲು ಬರುವುದಿಲ್ಲ. ‘ನನಗೆ ಹಿಡಿಸಲಿಲ್ಲ’ ಎಂಬ ತೀರ್ಮಾನಕ್ಕೂ ಅಧಿಕಾರ ಬರುವುದು ನೋಡಿದ ಮೇಲೆಯೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಪ್ರವೇಶ ಉಚಿತವಾದರೂ ಪ್ರಯಾಣ ಉಚಿತವಲ್ಲ. ಬಸ್ಸಿನ ದರ, ಮಧ್ಯಾಹ್ನದ ಊಟ, ರಜೆಯ ದಿನ ಕೂಲಿಗೆ ಹೋಗುವ ಹುಡುಗನಿಗೆ ಒಂದು ದಿನದ ಸಂಪಾದನೆ, ಕತ್ತಲಾಗುವ ಮುನ್ನ ಮನೆ ಸೇರಬೇಕಾದ ಹುಡುಗಿಗೆ ಮನೆಯವರ ಅನುಮತಿ: ಇವು ಸಣ್ಣ ಸಂಗತಿಗಳಲ್ಲ. ಆದ್ದರಿಂದಲೇ ಇದನ್ನು ವಿದ್ಯಾರ್ಥಿಯ ವೈಯಕ್ತಿಕ ಉತ್ಸಾಹಕ್ಕೆ ಬಿಡಲಾಗದು. ಶಾಸನಗಳನ್ನು ನೋಡಲು, ಬಾದಾಮಿ ಹಂಪಿಗಳನ್ನು ನೋಡಲು ಅಧ್ಯಯನ ಪ್ರವಾಸ ಏರ್ಪಡಿಸುವ ವಿಭಾಗಗಳು, ವರ್ಷಕ್ಕೊಮ್ಮೆ ಸಮೀಪದ ನಗರದ ಒಂದು ಪ್ರದರ್ಶನಕ್ಕೂ ಅದೇ ಗೌರವ ಕೊಡಬೇಕು. ನೆರೆಯ ನಗರ ಎಂದರೆ ಬೆಂಗಳೂರೇ ಆಗಬೇಕಿಲ್ಲ. ಬೆಳಗಾವಿಯವರಿಗೆ ಕೊಲ್ಹಾಪುರ, ಕಾಸರಗೋಡಿನವರಿಗೆ ಮಂಗಳೂರು, ಕಂಬಂ ಕಣಿವೆಯವರಿಗೆ ಕೊಚ್ಚಿ. ಕಲೆಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ.

ಉಚಿತ ಎಂಬ ಪದಕ್ಕೂ ಒಂದು ವಿವರಣೆ ಅಗತ್ಯ. ಸರ್ಕಾರಿ ಗ್ಯಾಲರಿಯ ಉಚಿತ ಪ್ರವೇಶ ದಾನವಲ್ಲ. ಅದರ ಖರ್ಚನ್ನು ಜನರ ತೆರಿಗೆ ಭರಿಸಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವೆಂಕಟಪ್ಪ ಕಲಾ ಗ್ಯಾಲರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ ಹೆಸರಿನದು. ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಸಾಮಾನ್ಯ ಕಲಾವಿದನೊಬ್ಬ ಕಡಿಮೆ ಬಾಡಿಗೆಗೆ ಪ್ರದರ್ಶನ ಏರ್ಪಡಿಸಬಹುದಾದ, ಸಾಮಾನ್ಯ ನೋಡುಗನೊಬ್ಬ ಅಂಜದೆ ಒಳಬರಬಹುದಾದ ಜಾಗ ಉಳಿಯಬೇಕೆಂಬುದು ಅವರ ಹಠವಾಗಿತ್ತು. ಒಪ್ಪಂದ ಕಾರ್ಯರೂಪಕ್ಕೆ ಬರಲಿಲ್ಲ. ಆದರೆ ನೋಡುಗರೇ ಇಲ್ಲದ ಸಾರ್ವಜನಿಕ ಗ್ಯಾಲರಿಯನ್ನು ಪ್ರತಿಭಟನೆಯೊಂದೇ ಬಹುಕಾಲ ಕಾಯಲಾರದು. ಖಾಲಿ ಮನೆಗೆ ಕಣ್ಣು ಹಾಕುವವರು ಬಹಳ. ಓದುಗರಿಲ್ಲದ ಗ್ರಂಥಾಲಯದ ಗತಿ ಏನೆಂಬುದು ಎಲ್ಲರಿಗೂ ತಿಳಿದದ್ದೇ.

ನೋಡುವ ಕ್ರಮದ ಬಗ್ಗೆ ಕೆಲವು ಮಾತು. ಹೊರಡುವ ಮುನ್ನ ಪ್ರದರ್ಶನದ ದಿನ, ವೇಳೆ, ವಾರದ ರಜೆ ತಿಳಿದುಕೊಳ್ಳಬೇಕು. ಎಷ್ಟೋ ಗ್ಯಾಲರಿಗಳು ಭಾನುವಾರವೋ ಸೋಮವಾರವೋ ಮುಚ್ಚಿರುತ್ತವೆ. ಒಳಹೋದ ಮೇಲೆ ಎಲ್ಲವನ್ನೂ ನೋಡುವ ಆತುರ ಬೇಡ. ಒಮ್ಮೆ ಸುತ್ತು ಹಾಕಿ, ತಡೆದು ನಿಲ್ಲಿಸಿದ ಮೂರು ಕೃತಿಗಳನ್ನು ಆಯ್ದು, ಒಂದೊಂದರ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಫಲಕವನ್ನು ಮೊದಲು ಓದಬಾರದು. ಓದಿದರೆ ಕಣ್ಣು ಅದರ ಮಾತನ್ನೇ ಹುಡುಕುತ್ತದೆ. ನೋಟ್‌ಬುಕ್ಕಿನಲ್ಲಿ ಮೊದಲು ಕಂಡ ವಸ್ತುಗಳ ಹೆಸರು ಬರೆಯಬೇಕು: ಕಲ್ಲು, ಹುರಿ, ಸಗಣಿ, ತಗಡು, ಕಾವಿಬಣ್ಣ. ಆಮೇಲೆ ಕ್ರಿಯಾಪದಗಳು: ಜೋತುಬಿದ್ದಿದೆ, ಹೊಲಿದಿದೆ, ಒತ್ತರಿಸಿದೆ, ಸುಟ್ಟಿದೆ. ವಿಶೇಷಣಗಳು ಕೊನೆಗೆ ಬರಲಿ. ‘ಅದ್ಭುತ’, ‘ಮನಮೋಹಕ’ ಎಂಬ ಪದಗಳು ಬಾರದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಕಲಾವಿದರಿದ್ದರೆ ಅಂಜದೆ ಕೇಳಬೇಕು. ಏಕಾಂಗಿಯಾಗಿ ಕುಳಿತ ಕಲಾವಿದರಿಗೆ ಪ್ರಶ್ನೆ ಕೇಳುವ ನೋಡುಗರಿಗಿಂತ ಪ್ರಿಯರು ಬೇರಿಲ್ಲ. ಕಾವಲುಗಾರರೊಡನೆಯೂ ಎರಡು ಮಾತಾಡಬೇಕು. ದಿನವಿಡೀ ಆ ಕೃತಿಗಳ ನಡುವೆ ಕಳೆಯುವವರು ಅವರೇ. ಯಾವುದರ ಮುಂದೆ ಜನ ನಿಲ್ಲುತ್ತಾರೆ, ಯಾವುದನ್ನು ಕಂಡು ನಗುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸ ಒಂದುಂಟು. ಪ್ರವಾಸದ ವರದಿ ಬೇಡ. ‘ಬೆಳಿಗ್ಗೆ ಆರಕ್ಕೆ ಬಸ್ಸು ಹೊರಟಿತು’ ಎಂದು ಆರಂಭವಾಗುವ ವರದಿಗಳು ಸಾಕಷ್ಟಾಗಿವೆ. ಆಯ್ದ ಒಂದು ಕೃತಿಗೆ ನೂರು ಪದಗಳ ಕನ್ನಡ ಫಲಕವನ್ನು ಪ್ರತಿ ವಿದ್ಯಾರ್ಥಿಯೂ ಬರೆಯಲಿ. ಇಂಗ್ಲಿಷಿನ ಅನುವಾದವಲ್ಲ, ಕೃತಿಯನ್ನು ಕಂಡು ಕನ್ನಡದಲ್ಲೇ ಯೋಚಿಸಿ ಬರೆದದ್ದು. ಒರಳಿನ ಪ್ರದೇಶಭೇದದ ಹೆಸರು, ಅದರ ಗಾದೆ, ಅದರ ಹಾಡು ಆ ಫಲಕದೊಳಗೆ ಬರಲಿ. ಆಂತರಿಕ ಮೌಲ್ಯಮಾಪನದ ನಿಯೋಜಿತ ಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಾಗಿಲ್ಲ. ಒಂದು ವಿಭಾಗ ವರ್ಷಕ್ಕೆ ಮೂವತ್ತು ಫಲಕ ಬರೆಸಿದರೆ, ಹತ್ತು ವಿಭಾಗಗಳು ಐದು ವರ್ಷಗಳಲ್ಲಿ 1500 ಫಲಕಗಳನ್ನು ಕನ್ನಡಕ್ಕೆ ಕೊಡುತ್ತವೆ. ಸಮಕಾಲೀನ ಕಲೆಗೆ ಕನ್ನಡದಲ್ಲಿ ಪರಿಭಾಷೆಯಿಲ್ಲ ಎಂಬ ದೂರಿಗೆ ಉತ್ತರ ಸಮಿತಿಗಳಿಂದ ಬರುವುದಿಲ್ಲ. ಹೀಗೆ ಬರೆದು ಬರೆದು ಬರುತ್ತದೆ.

ಬಹುತೇಕ ಗ್ಯಾಲರಿಗಳ ಬಾಗಿಲಲ್ಲಿ ಮೇಜಿನ ಮೇಲೆ ಅಭಿಪ್ರಾಯ ಪುಸ್ತಕವೊಂದು ತೆರೆದಿರುತ್ತದೆ. ಅದರ ಪುಟಗಳಲ್ಲಿ ಕನ್ನಡದ ಸಾಲುಗಳು ವಿರಳ. ಮುಂಬಯಿಯಲ್ಲಾಗಲಿ ಕೊಚ್ಚಿಯಲ್ಲಾಗಲಿ ಬೆಂಗಳೂರಿನಲ್ಲೇ ಆಗಲಿ, ಮುಂದೆ ಹೋಗುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಆ ಪುಸ್ತಕದಲ್ಲಿ ಹೆಸರು, ಊರು, ತಮಗೆ ಕಂಡದ್ದರ ಬಗ್ಗೆ ಒಂದು ವಾಕ್ಯ, ಇಷ್ಟನ್ನು ಕನ್ನಡದಲ್ಲಿ ಬರೆದು ಬರಬೇಕು. ಮುಂದಿನ ಪ್ರದರ್ಶನಕ್ಕೆ ಕನ್ನಡ ಫಲಕ ಬೇಕೆ ಬೇಡವೆ ಎಂದು ಯೋಚಿಸುವವರು ಮೊದಲು ತಿರುವಿ ನೋಡುವುದು ಆ ಪುಟಗಳನ್ನೇ.